ಸ್ಯಾಲರಿ, ಉಪ್ಪು ಮತ್ತು ರೊಟ್ಟಿ

ಇಂಗ್ಲಿಷ್ ಪದಗಳ ಹುಟ್ಟಿನ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ, ಆದರೆ ರೋಮನ್ ಸೈನಿಕರಿಗೆ ಸಂಬಳವಾಗಿ ಉಪ್ಪನ್ನೇ ಅಳೆದು ಕೊಡುತ್ತಿದ್ದರು, ಅದೇ ‘ಸ್ಯಾಲರಿ’ ಆಯಿತು ಅಂತ ಬರೆದಿದ್ದೀರಲ್ಲ, ಅಲ್ಲೊಂದು ತಕರಾರು. ಲ್ಯಾಟಿನ್‌ನ ‘ಸಲಾರಿಯಂ’ಗೂ ಉಪ್ಪು ಅನ್ನುವ ‘ಸಾಲ್’ಗೂ ನಂಟಿರುವುದು ನಿಜ. ಸೈನಿಕರಿಗೆ ಉಪ್ಪಿನಲ್ಲೇ ಸಂಬಳ ಕೊಟ್ಟರು ಅನ್ನುವುದಕ್ಕೆ ಮಾತ್ರ ಆ ಕಾಲದ ಗಟ್ಟಿ ಪುರಾವೆ ಇಲ್ಲ. ಉಪ್ಪಿನ ಋಣ ಅನ್ನುತ್ತಾ ಬೆಳೆದ ನಮಗೆ ಈ ಕಥೆ ಬೇಗ ಹಿಡಿಸುತ್ತದೆ, ಅಷ್ಟೇ.

ಇದಕ್ಕಿಂತ ‘ಲಾರ್ಡ್’ ಪದದ ಕಥೆ ಮಜವಾಗಿದೆ. ಹಳೆ ಇಂಗ್ಲಿಷಿನಲ್ಲಿ ಅದು ‘ಹ್ಲಾಫ್‌ವೆಯರ್ಡ್’, ಅಂದರೆ ರೊಟ್ಟಿ ಕಾಯುವವನು. ‘ಲೇಡಿ’ ಅಂದರೆ ಹಿಟ್ಟು ನಾದುವವಳು. ಮನೆಯ ಆಳಿಗೂ ಒಂದು ಪದ ಇತ್ತು, ‘ಹ್ಲಾಫ್‌ಐಟ’, ರೊಟ್ಟಿ ತಿನ್ನುವವನು! ಇಡೀ ಮನೆಯ ಮೇಲು-ಕೀಳು ಒಂದು ರೊಟ್ಟಿಯ ಸುತ್ತ ಕೂತಿದೆ ನೋಡಿ. ಕಾಯುವವನು, ನಾದುವವಳು ದೊಡ್ಡವರಾದರು, ತಿನ್ನುವವನ ಪದ ಹೇಳಹೆಸರಿಲ್ಲದೆ ಹೋಯಿತು. ಸುಮ್ನೆ ಅಲ್ಲ ಬಿಡಿ.

‘ನೈಸ್’ ಬಗ್ಗೆ ಒಂದೇ ಸಾಲು ಬರೆದಿದ್ದೀರಿ, ಇನ್ನೂ ಬರೆಯಬಹುದಿತ್ತು. ಅದರ ಮೂಲ ಲ್ಯಾಟಿನ್‌ನ ‘ನೆಸ್ಕಿಯಸ್’, ಏನೂ ತಿಳಿಯದವನು. ಇಂಗ್ಲಿಷಿಗೆ ಬಂದಾಗ ಪೆದ್ದ ಅಂತಲೇ ಅರ್ಥ, ಆಮೇಲೆ ಅತಿ ನಾಜೂಕಿನವನು, ಆಮೇಲೆ ಸೂಕ್ಷ್ಮ, 18ನೇ ಶತಮಾನದ ಹೊತ್ತಿಗೆ ಒಳ್ಳೆಯದು, ಹಿತವಾದದ್ದು. ‘ಸಿಲ್ಲಿ’ಯದು ಇದರ ಉಲ್ಟಾ, ಪುಣ್ಯವಂತ ಇದ್ದದ್ದು ಪೆದ್ದ ಆಯಿತು.

ಅಂದಹಾಗೆ, ಅಡಿಕೆಗೆ ಇಂಗ್ಲಿಷಿನಲ್ಲಿರುವ ‘ಅರೆಕಾ’ ಪದ ಪೋರ್ಚುಗೀಸರ ಮೂಲಕ ಮಲಯಾಳದ ‘ಅಡಕ್ಕ’ದಿಂದ ಹೋದದ್ದು. ನಮ್ಮ ಅಡಿಕೆಯ ಸೋದರ ಪದವೇ ಅಲ್ವಾ? ಮುಂದಿನ ಕಂತಿನಲ್ಲಿ ಅದನ್ನೂ ಸೇರಿಸಿ.