ಹಳೇ ಕಾರು ತಗೊಂಡ ತಕ್ಷಣ ಬಿಚ್ಚಿ ಹಾಕಬೇಡಿ

ಹಳೇ ಕಾರುಗಳ ಮಾರಾಟದ ಜಾಹೀರಾತು ಓದುವ ಚಟ ಇರುವವರಿಗೆ ಈ ಸಾಲುಗಳು ಬಾಯಿಪಾಠ. 'ಮುಕ್ಕಾಲು ಕೆಲಸ ಮುಗಿದಿದೆ. ಸಮಯ ಇಲ್ಲದ ಕಾರಣ ಕೊಡುತ್ತಿದ್ದೇನೆ. ಎಲ್ಲಾ ಪಾರ್ಟ್ಸ್ ಡಬ್ಬಿಗಳಲ್ಲಿ ಇವೆ.' ಫೋಟೋದಲ್ಲಿ ಬಾಗಿಲಿಲ್ಲದ, ಗಾಜಿಲ್ಲದ ಒಂದು ಬಾಡಿ ನಿಂತಿರುತ್ತದೆ. ಅಲ್ಲಲ್ಲಿ ಪ್ರೈಮರ್ ಹೊಡೆದಿರುತ್ತಾರೆ. ಪಕ್ಕದಲ್ಲಿ ರಟ್ಟಿನ ಡಬ್ಬಿಗಳ ರಾಶಿ. ಮುಕ್ಕಾಲು ಮುಗಿದಿರುವುದು ಏನು ಅಂದರೆ, ಬಿಚ್ಚುವ ಕೆಲಸ. ಜೋಡಿಸುವುದು ಇನ್ನೂ ಶುರುವೇ ಆಗಿರುವುದಿಲ್ಲ.

ನಾನು ಈ ಹವ್ಯಾಸಕ್ಕೆ ಹೊಸಬ. ನನ್ನ ಹತ್ತಿರ ಇರುವುದು 1960ರ ದಶಕದ ಒಂದು ಮಾರಿಸ್ ಮೈನರ್ 1000, ಬ್ರಿಟನ್ನಿನ ಪುಟ್ಟ ಕಾರು. ಅದು ಮನೆಗೆ ಬಂದಾಗಿನಿಂದ ತಿಳಿದವರೆಲ್ಲ ಹೇಳುತ್ತಿರುವುದು ಒಂದೇ ಮಾತು. 'ಮಾಡೋದಾದ್ರೆ ಸರಿಯಾಗಿ ಮಾಡಿ. ಬರೀ ಬಾಡಿ ಉಳಿಯೋ ತನಕ ಬಿಚ್ಚಿ, ಅಲ್ಲಿಂದ ಶುರು ಮಾಡಿ.' ನಾನು ಬಿಚ್ಚಲಿಲ್ಲ. ಹೊಸಬರು ಯಾರೂ ಬಿಚ್ಚಬಾರದು ಅನ್ನುವುದೇ ನನ್ನ ವಾದ. ಜಗಳಕ್ಕೆ ಬರುವವರು ಬರಬಹುದು, ಆದರೆ ಪೂರ್ತಿ ಓದಿ ಬನ್ನಿ.

ಈ ಹುಚ್ಚು ಹತ್ತುವುದೇ ವಿಡಿಯೋಗಳಿಂದ. ಮೊದಲ ನಿಮಿಷದಲ್ಲಿ ತುಕ್ಕು ಹಿಡಿದ ಗಾಡಿ, ನಲವತ್ತನೇ ನಿಮಿಷದಲ್ಲಿ ಕನ್ನಡಿ ಹಾಗೆ ಹೊಳೆಯುವ ಗಾಡಿ. ಅವರ ಹತ್ತಿರ ಲಿಫ್ಟ್ ಇದೆ, ಪೇಂಟ್ ಬೂತ್ ಇದೆ, ದಿನವಿಡೀ ಅದೇ ಕೆಲಸ ಮಾಡುವ ಜನ ಇದ್ದಾರೆ. ನಮ್ಮ ಹತ್ತಿರ ಇರುವುದು ರಜೆಯ ದಿನ, ಅದೂ ಮನೆಯವರು ಬಿಟ್ಟರೆ. ಬಾಗಿಲಿನ ಹಿಂಜ್ ಬಿಚ್ಚಿದಾಗ ಹಿಂದೆ ತೆಳ್ಳನೆಯ ತಗಡಿನ ಶಿಮ್‌ಗಳು ಸಿಗುತ್ತವೆ. ಮೇಲಿನ ಹಿಂಜಿಗೆ ಎಷ್ಟು ಇತ್ತು, ಕೆಳಗಿನದಕ್ಕೆ ಎಷ್ಟು ಇತ್ತು ಅನ್ನುವುದು ಒಂದು ವಾರ ನೆನಪಿರುತ್ತದೆ. ಎರಡು ವರ್ಷ ಬಿಟ್ಟು ಜೋಡಿಸುವಾಗ? ಫೋಟೋ ತೆಗೆದುಕೊಳ್ಳಿ, ಚೀಟಿ ಅಂಟಿಸಿ ಅಂತಾರೆ. ಒಳ್ಳೆಯ ಸಲಹೆಯೇ. ಆದರೆ ಬೋಲ್ಟು ಎಷ್ಟು ಬಿಗಿ ಇತ್ತು, ಯಾವ ರಬ್ಬರ್ ಯಾವ ಕಡೆ ಸವೆದಿತ್ತು ಅನ್ನುವುದು ಫೋಟೋದಲ್ಲಿ ಬರುವುದಿಲ್ಲ.

ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ಓಡುವ ಕಾರು ತನ್ನ ರೋಗ ತಾನೇ ಹೇಳುತ್ತದೆ. ಬ್ರೇಕ್ ಒತ್ತಿದಾಗ ಎಡಕ್ಕೆ ಎಳೆದರೆ ಎಲ್ಲಿ ನೋಡಬೇಕು ಅಂತ ಗೊತ್ತಾಗುತ್ತದೆ. ಮೂರನೇ ಗೇರಲ್ಲಿ ಮಾತ್ರ ಸದ್ದು ಬಂದರೆ ಅದೂ ಒಂದು ಸುಳಿವು. ಬಿಚ್ಚಿಟ್ಟ ಕಾರು ಬಾಯಿ ಬಿಡುವುದಿಲ್ಲ. ಆಗ ಒಳ್ಳೆಯದು, ಕೆಟ್ಟದ್ದು ಎಲ್ಲವನ್ನೂ ಬದಲಾಯಿಸಬೇಕಾಗುತ್ತದೆ. ಕೊನೆಗೆ ಗಾಡಿ ಜೋಡಿಸಿ ಸ್ಟಾರ್ಟ್ ಮಾಡಿದರೆ ನೂರು ಹೊಸ ಪಾರ್ಟ್‌ಗಳಲ್ಲಿ ಯಾವುದು ತೊಂದರೆ ಕೊಡುತ್ತಿದೆ ಅಂತ ಹುಡುಕುತ್ತಾ ಕೂರಬೇಕು.

ಹಾಗಾದರೆ ಎಲ್ಲಿಂದ ಶುರು ಮಾಡುವುದು? ಇಂಜಿನ್‌ನಿಂದ ಖಂಡಿತ ಬೇಡ. ಮೊದಲು ಗಾಡಿ ನಿಲ್ಲುವುದನ್ನು ಕಲಿಯಬೇಕು. ಮೈನರ್‌ನಲ್ಲಿ ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು, ಒಂದೇ ಸರ್ಕ್ಯೂಟು. ಬ್ರೇಕ್ ಆಯಿಲ್ ಒಂದು ಕಡೆ ಸೋರಿದರೆ ನಾಲ್ಕೂ ಹೋಯಿತು, ಕೈಗೆ ಉಳಿಯುವುದು ಹ್ಯಾಂಡ್‌ಬ್ರೇಕ್ ಮಾತ್ರ. ಪೆಡಲ್ ಒತ್ತಿದಾಗ ಆ ಆಯಿಲನ್ನು ಚಕ್ರಗಳಿಗೆ ತಳ್ಳುವ ಮಾಸ್ಟರ್ ಸಿಲಿಂಡರ್ ಎಲ್ಲಿದೆ ಗೊತ್ತಾ? ಡ್ರೈವರ್ ಕಾಲಿನ ಕೆಳಗೆ, ಗಾಡಿಯ ನೆಲಕ್ಕೇ ಬೆಸೆದ ಚಾಸಿ ರೇಲ್ ಅನ್ನುವ ಉದ್ದನೆಯ ತೊಲೆಯ ಒಳಗೆ. ಬ್ರೇಕ್ ಆಯಿಲ್ ನೋಡಬೇಕಾದರೆ ಕಾರ್ಪೆಟ್ ಎತ್ತಿ, ನೆಲದ ಮುಚ್ಚಳ ತೆಗೆದು ನೋಡಬೇಕು. ಅದಕ್ಕೇ ಎಷ್ಟೋ ಮಾಲೀಕರು ನೋಡಿಯೇ ಇರುವುದಿಲ್ಲ. ಸಿಲಿಂಡರ್ ಹೊರಗೆ ತೆಗೆಯೋಣ ಅಂದರೆ ಅದರ ಬೋಲ್ಟಿಗೆ ಟಾರ್ಷನ್ ಬಾರ್, ಅಂದರೆ ಮುಂದಿನ ಚಕ್ರಕ್ಕೆ ಸ್ಪ್ರಿಂಗ್ ಆಗಿರುವ ಸಲಾಕೆ, ಅಡ್ಡ. ಇದನ್ನು ಅಲ್ಲಿಟ್ಟ ಪುಣ್ಯಾತ್ಮ ಒಮ್ಮೆಯೂ ಇದನ್ನು ಬಿಚ್ಚಿದವನಲ್ಲ ಅಂತ ನನಗೆ ಗಟ್ಟಿ ನಂಬಿಕೆ.

ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಹೀರುತ್ತದೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಸಿಲಿಂಡರ್‌ಗಳು ಒಳಗಿಂದ ತುಕ್ಕು ಹಿಡಿಯುವುದು ಹೀಗೇ. ರಬ್ಬರ್ ಸೀಲು, ಹೋಸು ಎಲ್ಲಾ ಹೊಸದು ಹಾಕಿ, ಇಲ್ಲಿ ಜಿಪುಣತನ ಬೇಡ. ಇನ್ನೊಂದು ಮಾತು. ಹಳೇ ಬ್ರೇಕ್ ಶೂಗಳಲ್ಲಿ ಆಸ್ಬೆಸ್ಟಾಸ್ ಇರಬಹುದು. ಡ್ರಮ್ ತೆಗೆದು ಏರ್ ಹೊಡೆದು ಧೂಳು ಹಾರಿಸಬೇಡಿ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನು ಕವರಿನಲ್ಲಿ ಕಟ್ಟಿ ಎಸೆಯಿರಿ. ಜಾಕ್ ಮೇಲೆ ಮಾತ್ರ ನಿಂತ ಗಾಡಿಯ ಕೆಳಗೆ ನುಗ್ಗಬೇಡಿ ಅಂತ ಬೇರೆ ಹೇಳಬೇಕಾಗಿಲ್ಲ, ಅಲ್ವಾ? ಆದರೂ ಹೇಳುತ್ತೇನೆ. ಸ್ಟ್ಯಾಂಡ್ ಇಡಿ.

ಆಮೇಲೆ ಸ್ಟೀರಿಂಗು. ಮೈನರ್ ಇಟ್ಟುಕೊಂಡವರೆಲ್ಲ ಹೆದರುವುದು ಟ್ರನಿಯನ್‌ಗೆ. ಮುಂದಿನ ಚಕ್ರ ಹೊತ್ತಿರುವ ಕಂಬದ ಎರಡೂ ತುದಿಯಲ್ಲಿ ಸ್ಕ್ರೂಗೆ ಇರುವಂಥ ಮರೆ (ಥ್ರೆಡ್) ಇರುತ್ತದೆ. ಅದು ಮೇಲೊಂದು, ಕೆಳಗೊಂದು ಟ್ರನಿಯನ್ ಅನ್ನುವ ಲೋಹದ ಗೂಡಿಗೆ ತಿರುಗಿಸಿ ಕೂರಿಸಿದ್ದು. ಸ್ಟೀರಿಂಗ್ ತಿರುಗಿಸಿದಾಗೆಲ್ಲ ಆ ಮರೆಯ ಮೇಲೇ ತಿರುಗಬೇಕು. ಗ್ರೀಸ್ ಇಲ್ಲದಿದ್ದರೆ ನೀರು, ಮಣ್ಣು ಸೇರಿ ಕೆಳಗಿನ ಮರೆ ಸವೆಯುತ್ತದೆ. ಪೂರ್ತಿ ಸವೆದ ದಿನ ಕಂಬ ಕಿತ್ತು ಬರುತ್ತದೆ, ಚಕ್ರ ಅಡಿಗೆ ಮಡಚಿಕೊಳ್ಳುತ್ತದೆ, ಗಾಡಿಯ ಮೂಗು ನೆಲಕ್ಕೆ. ನಿಧಾನಕ್ಕೆ ಹೋಗುತ್ತಾ ತಿರುಗಿಸುವಾಗ ಆದರೆ ಪುಣ್ಯ. ಗ್ರೀಸ್ ಗನ್ ಹಿಡಿದು ಎರಡು ಸಲ ಪಂಪ್ ಮಾಡಿದರೆ ಮುಗಿಯಿತು ಅನ್ನಬೇಡಿ. ಮುಂಭಾಗ ಎತ್ತಿ, ಚಕ್ರದ ಮೇಲಿನ ಭಾರ ತೆಗೆದು ಗ್ರೀಸ್ ಹೊಡೆಯಬೇಕು. ಹಳೇ ಕಪ್ಪು ಗ್ರೀಸು ಅಂಚಿನಿಂದ ಪೂರ್ತಿ ಹೊರಗೆ ಬಂದು, ಹೊಸದು ಕಾಣುವ ತನಕ ಹೊಡೆಯಿರಿ. ಹೊಸ ಪೇಂಟ್ ಹೊಡೆಸಿ, ಟ್ರನಿಯನ್ ಕಡೆ ತಿರುಗಿಯೂ ನೋಡದ ಗಾಡಿಗಳನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ.

ನಿಲ್ಲುತ್ತದೆ, ತಿರುಗುತ್ತದೆ ಅಂತ ಆದ ಮೇಲೆ ಇಂಜಿನ್. ವರ್ಷಗಟ್ಟಲೆ ನಿಂತ ಇಂಜಿನ್ನಿಗೆ ಬ್ಯಾಟರಿ ಕೊಟ್ಟು ಸೆಲ್ಫ್ ಹೊಡೆಯುವುದು ಬೇಡ. ಪ್ಲಗ್ ಬಿಚ್ಚಿ, ಒಂದೊಂದು ಸಿಲಿಂಡರ್‌ಗೂ ಸ್ವಲ್ಪ ಆಯಿಲ್ ಬಿಟ್ಟು ಕೆಲವು ದಿನ ಸುಮ್ನೆ ಬಿಡಿ. ಮೈನರ್‌ಗೆ ಮುಂದಿನಿಂದ ಹ್ಯಾಂಡಲ್ ಹಾಕಿ ತಿರುಗಿಸುವ ಅನುಕೂಲ ಇದೆ. ಪ್ಲಗ್ ಇಲ್ಲದೆ ಕೈಯಲ್ಲಿ ತಿರುಗಿಸಿದರೆ ಒಳಗೆ ಏನಾದರೂ ಹಿಡಿಯುತ್ತಿದ್ದರೆ ಅಂಗೈಗೆ ಗೊತ್ತಾಗುತ್ತದೆ. ಸೆಲ್ಫ್ ಮೋಟರ್‌ಗೆ ಆ ಸೂಕ್ಷ್ಮ ಇಲ್ಲ. ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರ್ ಒಳಗಿನ ಪಾಯಿಂಟ್‌ಗಳ ನಡುವೆ ಬಿಳಿ ರಟ್ಟಿನ ಚೂರೊಂದನ್ನು ಎಳೆದು ನೋಡಿ. ಕಪ್ಪು ಗೆರೆ ಬಂದರೆ ಗಲೀಜಾಗಿದೆ ಅಂತ. ಗ್ಯಾಪ್ ಒಂದು ಇಂಚಿನ ಸಾವಿರದಲ್ಲಿ 15 ಭಾಗ, ಅಂದರೆ ಸುಮಾರು 0.4 ಮಿಲಿಮೀಟರ್. ಇಷ್ಟೇ ಸರಿಮಾಡಿದ್ದಕ್ಕೆ ಜೀವ ಬಂದ ಇಂಜಿನ್‌ಗಳು ಎಷ್ಟೋ ಇವೆ.

ಕೀ ತಿರುಗಿಸಿದ ಕೂಡಲೇ ಎಸ್‌ಯು ಕಂಪನಿಯ ಪೆಟ್ರೋಲ್ ಪಂಪು ಟಿಕ್ ಟಿಕ್ ಟಿಕ್ ಅನ್ನುತ್ತದೆ. ಕಾರ್ಬ್ಯುರೇಟರ್ ತುಂಬಿದ ಮೇಲೆ ನಿಧಾನವಾಗಿ ಸುಮ್ಮನಾಗುತ್ತದೆ. ಸುಮ್ಮನಾಗದೆ ಟಿಕ್ ಅನ್ನುತ್ತಲೇ ಇದ್ದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಟ್ಯಾಂಕ್ ಖಾಲಿ. ಸದ್ದೇ ಇಲ್ಲದಿದ್ದರೆ ಪಾನಾದಿಂದ ಮೆಲ್ಲಗೆ ಒಂದು ತಟ್ಟಿ. ಹಳಬರ ವೈದ್ಯ, ಕೆಲಸ ಮಾಡುತ್ತದೆ. ಪಾನಾ ಅಂದಾಗ ನೆನಪಾಯಿತು. ಈ ಗಾಡಿಯ ಬೋಲ್ಟುಗಳು ಇಂಚಿನ ಲೆಕ್ಕದವು. ಅರ್ಧ ಇಂಚು ಅಂದರೆ 12.7 ಮಿಲಿಮೀಟರ್. 13ರ ಪಾನಾ ಸರಿಯಾಗಿ ಕೂತ ಹಾಗೇ ಇರುತ್ತದೆ. ಬೋಲ್ಟು ಬಿಗಿ ಇದ್ದರೆ ಜಾರಿ ಅದರ ಮೂಲೆ ಹೋಗುತ್ತದೆ. ಇಂಚಿನ ಸೆಟ್ಟು ಒಂದು ಕೊಂಡುಬಿಡಿ. ಮತ್ತೆ, ಬ್ಯಾಟರಿ ಹಾಕುವ ಮುಂಚೆ ಎರಡು ಸಲ ನೋಡಿ. ಇದರಲ್ಲಿ ಕಾರಿನ ಮೈ ತಗಡಿಗೆ ಜೋಡಿಸುವುದು ಬ್ಯಾಟರಿಯ ಪ್ಲಸ್ ತುದಿ, ಈಗಿನ ಗಾಡಿಗಳಲ್ಲಿ ಉಲ್ಟಾ, ಮೈನಸ್.

ಹೊಸಬರನ್ನು ಹೆದರಿಸಲು ಎಲ್ಲರೂ ಎತ್ತುವ ವಿಷಯ ಇನ್ನೊಂದಿದೆ, ಪೆಟ್ರೋಲ್. ಪೆಟ್ರೋಲಿಗೆ ಸೀಸ ಬೆರೆಸಿದರೆ ಇಂಜಿನ್ ಒಳಗೆ ಟಕಟಕ ಬಡಿಯುವ ಸದ್ದು (ನಾಕಿಂಗ್) ಬರುವುದಿಲ್ಲ ಅಂತ ಜನರಲ್ ಮೋಟರ್ಸ್‌ನ ಥಾಮಸ್ ಮಿಡ್ಗ್ಲಿ ಕಂಡುಕೊಂಡದ್ದು 1921ರಲ್ಲಿ. ರಸ್ತೆ ವಾಹನಗಳಿಗೆ ಅಂಥ ಪೆಟ್ರೋಲ್ ಮಾರುವುದನ್ನು ಕೊನೆಯದಾಗಿ ನಿಲ್ಲಿಸಿದ ದೇಶ ಅಲ್ಜೀರಿಯಾ, ಅದೂ 2021ರಲ್ಲಿ. ನೂರು ವರ್ಷ ಜಗತ್ತು ಆ ವಿಷ ಕುಡಿಯಿತು. ಹೋಗಿದ್ದು ಒಳ್ಳೆಯದೇ ಆಯಿತು. ಆದರೆ ಆ ಸೀಸ ಹೊಗೆ ಹೊರಬಿಡುವ ಎಕ್ಸಾಸ್ಟ್ ವಾಲ್ವ್ ಮುಚ್ಚಿ ಕೂರುವ ಜಾಗದ, ಅಂದರೆ ಸೀಟಿನ, ಮೇಲೆ ತೆಳುವಾಗಿ ಕೂತು ಅದನ್ನು ಸವೆಯದ ಹಾಗೆ ಕಾಪಾಡುತ್ತಿತ್ತು. ಮೈನರ್‌ನಂಥ ಎರಕದ ಕಬ್ಬಿಣದ ಹೆಡ್ಡಿನಲ್ಲಿ (ಇಂಜಿನ್ನಿನ ಮೇಲ್ಭಾಗದಲ್ಲಿ) ಆ ಸೀಟು ಈಗ ಬೇಗ ಸವೆಯಬಹುದು. 'ಹೆಡ್ ಬಿಚ್ಚಿ ಗಟ್ಟಿ ಸೀಟು ಹಾಕಿಸಿ, ಆಮೇಲೇ ಓಡಿಸಿ' ಅಂತ ಹೇಳುವವರು ಸಿಗುತ್ತಾರೆ. ನನ್ನ ಮಾತು ಕೇಳಿದರೆ, ಮೆಲ್ಲಗೆ ಓಡಿಸಿ, ಟ್ಯಾಪೆಟ್ ಗ್ಯಾಪ್, ಅಂದರೆ ವಾಲ್ವಿಗೂ ಅದನ್ನು ಒತ್ತುವ ತುಂಡಿಗೂ ನಡುವಿನ ಸಂದು, ನೋಡಿಕೊಳ್ಳುತ್ತಾ ಇರಿ. ಗ್ಯಾಪ್ ಮತ್ತೆ ಮತ್ತೆ ಕಡಿಮೆಯಾಗುತ್ತಿದ್ದರೆ ಸೀಟು ಸವೆಯುತ್ತಿದೆ ಅಂತ ಅರ್ಥ. ಆಗ ಹೆಡ್ ಬಿಚ್ಚಿದರೆ ಸಾಕು. ಈಗಿನ ಪೆಟ್ರೋಲಿಗೆ ಬೆರೆಸುವ ಎಥನಾಲ್ ಮಾತ್ರ ಬೇರೆ ಕತೆ. ಅದು ಹಳೇ ರಬ್ಬರನ್ನು ಮೆತ್ತಗೆ ಮಾಡಿ ತಿನ್ನುತ್ತದೆ. ಪೆಟ್ರೋಲ್ ಹೋಸು ಬಿಸಿ ಇಂಜಿನ್ ಪಕ್ಕದಲ್ಲೇ ಇರುತ್ತದೆ. ಎಥನಾಲ್ ತಡೆಯುವ ಹೋಸನ್ನು ಮೊದಲೇ ಹಾಕಿಸಿ, ಮುಂದೂಡಬೇಡಿ.

ಈಗ ನನ್ನ ವಾದಕ್ಕೆ ಎಲ್ಲರೂ ಕೊಡುವ ಉತ್ತರಕ್ಕೆ ಬರುತ್ತೇನೆ. ತುಕ್ಕು. 'ಬಾಡಿ ಕೊಳೆತಿದ್ದರೆ ಬಿಚ್ಚದೆ ಏನು ಮಾಡ್ತೀರಿ ಸ್ವಾಮಿ?' ನ್ಯಾಯವಾದ ಪ್ರಶ್ನೆ. ಮೈನರ್‌ಗೆ ಬೇರೆ ಚಾಸಿ ಇಲ್ಲ, ಬಾಡಿಯ ನೆಲ, ಸಿಲ್ (ಬಾಗಿಲ ಕೆಳಗಿನ ಉದ್ದನೆಯ ಅಂಚು), ಕೆಳಗಿನ ಅಡ್ಡ ತೊಲೆಯಾದ ಕ್ರಾಸ್ ಮೆಂಬರ್, ಹಿಂದಿನ ಸ್ಪ್ರಿಂಗ್ ಹಿಡಿಯುವ ಜಾಗ, ಇವೇ ಗಾಡಿಯ ಬೆನ್ನೆಲುಬು. ಕೊಳ್ಳುವ ಮುಂಚೆ ಆಯಸ್ಕಾಂತ ಹಿಡಿದು ಕೆಳಗೆ ಮಲಗಿ. ಅಂಟದ ಕಡೆ ಪುಟ್ಟಿ ತುಂಬಿದೆ. ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿದರೆ ಒಳ್ಳೆಯ ತಗಡು ಟಣ್ ಅನ್ನುತ್ತದೆ, ಕೊಳೆತದ್ದು ಮಂಕಾಗಿ ದಬ್ ಅನ್ನುತ್ತದೆ. ಸಿಲ್ ಕೊಳೆತಿದ್ದರೆ ಕತ್ತರಿಸಿ ಹೊಸದು ಬೆಸೆಯಲೇಬೇಕು. ಆದರೆ ನೋಡಿ, ಅಲ್ಲಿಯೂ ಗಾಡಿ ಪೂರ್ತಿ ಇದ್ದರೇ ಒಳ್ಳೆಯದು. ಸಿಲ್ ಕತ್ತರಿಸಿದ ಕೂಡಲೇ ಬಾಡಿ ನಡುವೆ ಬಗ್ಗಲು ನೋಡುತ್ತದೆ. ಅದಕ್ಕೇ ಬಾಗಿಲಿನ ಜಾಗಕ್ಕೆ ಅಡ್ಡ ಕಂಬಿ ಬೆಸೆದು, ಒಂದು ಸಲಕ್ಕೆ ಒಂದೇ ಕಡೆ ಕತ್ತರಿಸುತ್ತಾರೆ. ಗಟ್ಟಿಯಾಗಿ ಬೆಸೆಯುವ ಮುಂಚೆ ಬಾಗಿಲು ಹಾಕಿ, ಸುತ್ತ ಸಂದು ಸಮ ಇದೆಯಾ ಅಂತ ನೋಡುತ್ತಾರೆ. ಬಾಗಿಲು ಡಬ್ಬಿ ರಾಶಿಯ ಹಿಂದೆ ಸೇರಿದ್ದರೆ ಏನಿಟ್ಟು ನೋಡುವುದು? ಪೇಂಟ್ ಎಲ್ಲಾ ಮುಗಿದ ಮೇಲೆ ಬಾಗಿಲು ಮುಚ್ಚದಿದ್ದರೆ ಮತ್ತೆ ಕತ್ತರಿಸಬೇಕು. ಅಂದ ಹಾಗೆ, ಇಲ್ಲಿ ವೆಲ್ಡಿಂಗ್ ಕಲಿಯಲು ಹೋಗಬೇಡಿ. ಕಲಿಯುವುದಾದರೆ ಬೇರೆ ತಗಡಿನ ಮೇಲೆ ಕಲಿಯಿರಿ. ನನ್ನ ಗಾಡಿಯ ಸಿಲ್ ಕೆಲಸ ಬಲ್ಲವರ ಕೈಯಲ್ಲೇ ಆಯಿತು, ಅದರಲ್ಲಿ ನನಗೆ ಯಾವ ನಾಚಿಕೆಯೂ ಇಲ್ಲ.

ಪೇಂಟ್ ಬಗ್ಗೆ ಎರಡೇ ಮಾತು. ಹಳೇದು ಒಪ್ಪವಾಗಿದ್ದರೆ ಬಿಡಿ. ತೊಳೆದು ವ್ಯಾಕ್ಸ್ ಹಾಕಿದರೆ ಸಾಕು.

'ಒರಿಜಿನಲ್ ಆಗಿರಬೇಕು' ಅಂತ ಹಟ ಹಿಡಿಯುವವರದೇ ಒಂದು ಪಂಗಡ. ಹಳೇ ವಾಹನಗಳ ಅಂತಾರಾಷ್ಟ್ರೀಯ ಒಕ್ಕೂಟ ಫಿವಾ ಅಂತ ಇದೆ, 1966ರಲ್ಲಿ ಶುರುವಾದದ್ದು. ಗಾಡಿ ಐತಿಹಾಸಿಕ ಅನ್ನಿಸಿಕೊಳ್ಳಲು ಕನಿಷ್ಠ 30 ವರ್ಷ ಹಳೆಯದಾಗಿರಬೇಕು ಅನ್ನುವುದು ಅವರ ಲೆಕ್ಕ. ಹಳೇ ಗಾಡಿಗಳನ್ನು ಹೇಗೆ ಕಾಪಾಡಬೇಕು ಅಂತ ಹೇಳುವ ಅವರ ಟ್ಯೂರಿನ್ ಸನ್ನದು ಕೂಡ ಇರುವುದನ್ನು ಉಳಿಸಿಕೊಳ್ಳುವುದಕ್ಕೇ ಮೊದಲ ಮಣೆ ಹಾಕುತ್ತದೆ, ಹೊಸದು ಮಾಡುವುದಕ್ಕಲ್ಲ. ಇದು ನನಗೆ ಒಪ್ಪಿಗೆ. ಆದರೆ ಪ್ರತಿ ಸ್ಕ್ರೂ ಕಾರ್ಖಾನೆಯದ್ದೇ ಆಗಬೇಕು ಅನ್ನುವವರಿಗೆ ಮೈನರ್‌ನ ಕತೆ ಹೇಳಬೇಕು. ಇದರ ವಿನ್ಯಾಸಕಾರ ಅಲೆಕ್ ಇಸಿಗೋನಿಸ್ ಈ ಕಾರು ಮಾಡಿ ಮುಗಿಸುವ ಹೊತ್ತಿಗೆ ಅವನಿಗೇ ಅದು ತೀರಾ ಕಿರಿದು ಅನ್ನಿಸಿತು. ಮಾದರಿ ಕಾರನ್ನು ಉದ್ದಕ್ಕೆ ಎರಡು ಹೋಳು ಮಾಡಿಸಿ, ದೂರ ಸರಿಸಿ ನೋಡಿ, 4 ಇಂಚು ಅಗಲ ಮಾಡಿದ. ಬಾನೆಟ್ಟಿನ ನಡುವೆ ಕಾಣುವ ಪಟ್ಟಿ ಅದರದೇ ಗುರುತು. ಬಂಪರ್‌ಗಳು ಅಷ್ಟರಲ್ಲಿ ತಯಾರಾಗಿಬಿಟ್ಟಿದ್ದವು. ಹಾಗಾಗಿ 1948ರಲ್ಲಿ ಬಂದ ಮೊದಮೊದಲ ಗಾಡಿಗಳಿಗೆ ಅವನ್ನೇ ನಡುವೆ ಕತ್ತರಿಸಿ, ತುಂಡು ಸೇರಿಸಿ ಹಾಕಿದರು. ಕಾರ್ಖಾನೆಯವರೇ ತೇಪೆ ಹಾಕಿದ ಗಾಡಿಗೆ ನಾನೊಂದು ಹೊಸ ಹೋಸ್ ಕ್ಲಿಪ್ ಹಾಕಿದರೆ ಮೈಲಿಗೆ ಆಗುತ್ತಾ?

ಇನ್ನೂ ಕೊಳ್ಳದವರಿಗೆ ಒಂದು ಮಾತು. ಜಾಸ್ತಿ ತಯಾರಾದ ಗಾಡಿ ನೋಡಿ. ಮೈನರ್ 16 ಲಕ್ಷಕ್ಕೂ ಹೆಚ್ಚು ಬಂತು. ಫೋಕ್ಸ್‌ವ್ಯಾಗನ್ ಬೀಟಲ್ 2003ರ ತನಕ 2.15 ಕೋಟಿ. ಎಂಜಿಬಿ ಅನ್ನುವ ಬ್ರಿಟಿಷ್ ಸ್ಪೋರ್ಟ್ಸ್ ಕಾರಿಗೆ ಹಳೇ ಅಚ್ಚುಗಳನ್ನೇ ಬಳಸಿ 1988ರಿಂದ ಇಡೀ ಬಾಡಿಯನ್ನೇ ಹೊಸದಾಗಿ ಮಾಡಿಕೊಟ್ಟರು. ಅಪರೂಪದ ಗಾಡಿ ಕೊಂಡರೆ ಒಂದು ಹೆಡ್‌ಲೈಟ್ ರಿಂಗಿಗೆ ವರ್ಷಗಟ್ಟಲೆ ಕಾಯಬೇಕಾಗಬಹುದು.

ನನ್ನ ಗಾಡಿ ಈಗ ಓಡುತ್ತದೆ, ನಿಲ್ಲುತ್ತದೆ. ಬಾಗಿಲ ಮೇಲಿನ ಗೀರು ಹಾಗೇ ಇದೆ. ಮುಂದಿನ ಕೆಲಸ ಹಿಂದಿನ ಶಾಕ್ ಅಬ್ಸಾರ್ಬರ್‌ಗಳದು. ಹಳೇ ಕಾಲದ ಲಿವರ್ ಆರ್ಮ್ ನಮೂನೆ, ಎರಡೂ ಆಯಿಲ್ ಸೋರುತ್ತಿವೆ. ಅದನ್ನು ಕಿತ್ತೆಸೆದು ಈಗಿನ ಉದ್ದನೆಯ ಟೆಲಿಸ್ಕೋಪಿಕ್ ಹಾಕಿ ಅಂತ ಅರ್ಧ ಜನ ಹೇಳುತ್ತಿದ್ದಾರೆ. ನನಗೆ ಹಳೇದನ್ನೇ ರಿಪೇರಿ ಮಾಡಿಸುವ ಮನಸ್ಸು. ಎರಡನ್ನೂ ಓಡಿಸಿ ನೋಡಿದವರು ಯಾರಾದರೂ ಇದ್ದರೆ ಕೆಳಗೆ ಬರೆಯಿರಿ. ಪೂರ್ತಿ ಬಿಚ್ಚಿ ಅಂತ ಮಾತ್ರ ಬರೆಯಬೇಡಿ.