ಹಳ್ಳಿಗೂ ಹಲ್ಲಿಗೂ ಒಂದೇ ಕಾಗುಣಿತವಿದ್ದ ಕಾಲ

ನಮ್ಮ ಬಡಾವಣೆಯ ವಾಟ್ಸ್‌ಆ್ಯಪ್ ಗುಂಪಿಗೆ ಬೀಗ ಬಿದ್ದ ಕಥೆ ತುಮಕೂರಿನವರಿಗೆ ಹೇಳಬೇಕಾಗಿಲ್ಲ. ನಿಮ್ಮ ಗುಂಪಿಗೂ ಬಿದ್ದಿರುತ್ತದೆ. ‘ಅಡ್ಮಿನ್‌ಗಳು ಮಾತ್ರ ಸಂದೇಶ ಕಳುಹಿಸಬಹುದು’ ಎಂದಾದ ಮರುದಿನವೇ ನಮ್ಮ ಅಡ್ಮಿನ್ ಸಾಹೇಬರು ಮಾರುದ್ದದ ಬರಹವೊಂದನ್ನು ಹಾಕಿದರು. ಇಂಟರ್ನೆಟ್ಟಿನ ಹಳೆಯ ಚರ್ಚಾಕಟ್ಟೆಗಳ ಸ್ಮರಣೆ. ಆಗ ಎಂಥ ಮುಕ್ತ ಮಾತುಕತೆ, ಯಾರು ಯಾರನ್ನು ಬೇಕಾದರೂ ಪ್ರಶ್ನಿಸಬಹುದಿತ್ತು, ಆ ದಿನಗಳು ಮತ್ತೆ ಬಾರವು ಎಂದು ಕಣ್ಣೀರು. ಗುಂಪಿನವರೆಲ್ಲ ಓದಿದೆವು. ಹೌದು ಎನ್ನಲೂ ಅನುಮತಿ ಇರಲಿಲ್ಲ.

ಆ ಸುವರ್ಣಯುಗದಲ್ಲಿ ನಾನೂ ಇದ್ದೆ, ಬಸ್ ನಿಲ್ದಾಣದ ಹತ್ತಿರದ ಸೈಬರ್ ಕೆಫೆಯ ಪ್ಲೈವುಡ್ ಗೂಡಿನಲ್ಲಿ. ಒಂದು ಗಂಟೆಗೆ ದುಡ್ಡು ಕೊಟ್ಟು, ಅರ್ಧ ಗಂಟೆ ಪುಟ ತೆರೆಯುವುದನ್ನು ಕಾದು, ಮಿಕ್ಕರ್ಧದಲ್ಲಿ ಅಪರಿಚಿತರಿಗೆ ‘ವಯಸ್ಸೆಷ್ಟು, ಗಂಡೋ ಹೆಣ್ಣೋ, ಯಾವ ಊರು’ ಎಂದು ಕೇಳುತ್ತಿದ್ದೆವು. ಜನಗಣತಿಯವರಿಗೂ ಅಷ್ಟು ಶ್ರದ್ಧೆ ಇರಲಾರದು. ಸರ್ಕಾರಿ ದೂರಸಂಪರ್ಕ ಕಂಪನಿ ವಿಎಸ್‌ಎನ್‌ಎಲ್ ದೇಶದ ಜನರಿಗೆ ಇಂಟರ್ನೆಟ್ ಕೊಟ್ಟದ್ದು 1995ರ ಆಗಸ್ಟ್ 15ರಂದು. ಮನೆಯಲ್ಲೇ, ಫೋನ್ ಲೈನಿನಲ್ಲೇ ಇಂಟರ್ನೆಟ್ ತರುವ ಮೋಡೆಮ್ ಇದ್ದ ಸ್ಥಿತಿವಂತರಿಗೆ ಆ ಸ್ವಾತಂತ್ರ್ಯ ಅಮ್ಮ ಫೋನ್ ಎತ್ತುವವರೆಗೆ.

ಕನ್ನಡದ ಪಾಡಂತೂ ಬೇರೆಯೇ. ನನ್ನ ಫಾಂಟ್ ನಿಮ್ಮಲ್ಲಿಲ್ಲ, ನಿಮ್ಮದು ನನ್ನಲ್ಲಿಲ್ಲ. ಹಾಗಾಗಿ ಎಲ್ಲರೂ ಇಂಗ್ಲಿಷ್ ಅಕ್ಷರಗಳಲ್ಲೇ ಕನ್ನಡ ಬರೆಯುತ್ತಿದ್ದೆವು. ಅಲ್ಲಿ ಹಳ್ಳಿಗೂ ಹಲ್ಲಿಗೂ ಒಂದೇ ಕಾಗುಣಿತ. ಅಮೆರಿಕದಿಂದ ಒಬ್ಬರು ‘ನನ್ನ ಹಳ್ಳಿ ಕನಸಿನಲ್ಲಿ ಬಂತು’ ಎಂದು ಹಲುಬಿದರೆ, ಮತ್ತೊಬ್ಬರು ಅದು ಮೈಮೇಲೆ ಬಿತ್ತೋ ಗೋಡೆಯ ಮೇಲಿತ್ತೋ ಎಂದು ವಿಚಾರಿಸಿ ಶಕುನ ಹೇಳುತ್ತಿದ್ದರು. ತಟ್ಟೆ ಇಡ್ಲಿಯಲ್ಲಿ ಕ್ಯಾತ್ಸಂದ್ರ ಮೇಲೋ ಬಿಡದಿ ಮೇಲೋ ಎಂದು ಆಗಿನ ಸಾಮಾಜಿಕ ಜಾಲತಾಣ ಆರ್ಕುಟ್‌ನಲ್ಲಿ ನಾವು ನಡೆಸಿದ ಯುದ್ಧಕ್ಕೆ ತೀರ್ಪು ಬರಲೇ ಇಲ್ಲ. 2014ರ ಸೆಪ್ಟೆಂಬರ್ 30ರಂದು ಗೂಗಲ್‌ನವರು ರಣರಂಗವನ್ನೇ ಮುಚ್ಚಿಬಿಟ್ಟರು. ತೀರ್ಪು ಕ್ಯಾತ್ಸಂದ್ರದ ಕಡೆಗೇ ಇತ್ತು, ಬಿಡಿ.

ಇದಕ್ಕೆಲ್ಲ ಮೂಲಪುರುಷರಲ್ಲಿ ಒಬ್ಬರ ಹೆಸರು ವಾರ್ಡ್. ನಮ್ಮ ವಾರ್ಡಿನವರಲ್ಲ, ಶಿಕಾಗೊದ ವಾರ್ಡ್ ಕ್ರಿಸ್ಟೆನ್ಸನ್. 1978ರಲ್ಲಿ ಹಿಮ ಸುರಿದು ಊರು ಸ್ತಬ್ಧವಾದಾಗ ಅವರೂ ರ‍್ಯಾಂಡಿ ಸ್ಯೂಸ್ ಎಂಬ ಗೆಳೆಯರೂ ಕೆಲಸ ಶುರುಮಾಡಿ, ಫೆಬ್ರುವರಿಯಲ್ಲಿ ಫೋನ್ ಮೂಲಕ ಸಂದೇಶ ಬಿಟ್ಟುಹೋಗಬಹುದಾದ ತಮ್ಮ ಗಣಕ ಫಲಕವನ್ನು (ಬುಲೆಟಿನ್ ಬೋರ್ಡ್) ಜನರಿಗೆ ತೆರೆದರು. ಕಂಪ್ಯೂಟರ್ ಕ್ಲಬ್ಬಿನ ಗೋಡೆಯಲ್ಲಿ ಚೀಟಿ ಚುಚ್ಚುವ ಬೆಂಡಿನ ಹಲಗೆಯೇ ಅದಕ್ಕೆ ಮಾದರಿ. ಇದ್ದದ್ದು ಒಂದೇ ಫೋನ್ ಲೈನ್, ಒಮ್ಮೆಗೆ ಒಬ್ಬರೇ. ನಮ್ಮ ಬೀದಿ ನಲ್ಲಿಯಂತೆ, ಒಬ್ಬರ ಕೊಡ ತುಂಬಿದ ಮೇಲೆ ಇನ್ನೊಬ್ಬರದು. ಆದರೆ ಚುಚ್ಚಿದ ಚೀಟಿ ಚುಚ್ಚಿದಲ್ಲೇ ಇರುತ್ತಿತ್ತು, ಆಮೇಲೆ ಬಂದವರು ಓದಿ ಉತ್ತರಿಸುತ್ತಿದ್ದರು.

ನಲ್ಲಿ ಎಂದಾಗ ನೆನಪಾಯಿತು. ನಮ್ಮ ಗುಂಪಿನಲ್ಲಿ ಬೀಗ ಬೀಳುವವರೆಗೆ, ಬೇಸಿಗೆಯಿಂದಲೂ ಇದ್ದದ್ದು ಒಂದೇ ಪ್ರಶ್ನೆ: ನೀರು ಯಾವಾಗ ಬಿಡುತ್ತಾರೆ? ಕೇಳಿದ ಮೂರು ನಿಮಿಷಕ್ಕೆ ಅದು ಶುಭೋದಯದ ಗುಲಾಬಿಗಳ ಅಡಿಯಲ್ಲಿ ಸಮಾಧಿಯಾಗುತ್ತಿತ್ತು. ಗುಲಾಬಿ ಹೆಚ್ಚಾಯಿತೆಂದು ಬೀಗ ಹಾಕಿದರೆನ್ನಲು, ಅತಿ ಹೆಚ್ಚು ಗುಲಾಬಿ ಸಾಹೇಬರದ್ದೇ. ನಿವೃತ್ತ ಮೇಷ್ಟ್ರೊಬ್ಬರು ನಮ್ಮ ಚರಂಡಿ ಕೆಲಸಕ್ಕೆ ಎಷ್ಟು ಖರ್ಚಾಯಿತು ಎಂದು ಕೇಳಿದ ರಾತ್ರಿ ಬೀಗ ಬಿತ್ತು. ಮೇಷ್ಟ್ರು ಬೈದಿರಲಿಲ್ಲ, ಕೂಗಾಡಿರಲಿಲ್ಲ. ಲೆಕ್ಕ ಕೇಳಿದ್ದರು, ಅಷ್ಟೇ. ಅದಕ್ಕೆ ಉತ್ತರ ಕೊಡಲಾಗದವರು ಈಗ ಮುಕ್ತ ಚರ್ಚೆಯ ನೆನಪಿನಲ್ಲಿ ಅಳುತ್ತಿದ್ದಾರೆ. ನನಗೆ ನಗು ಬರುತ್ತಿಲ್ಲ. ಸಾಕಾಗಿದೆ.

ಮೇಷ್ಟ್ರು ಮೊನ್ನೆ ತಮ್ಮ ಪ್ರಶ್ನೆಯನ್ನು ಕಾಗದದಲ್ಲಿ ಬರೆದು ಮೂಲೆಯ ಇಡ್ಲಿ ಹೋಟೆಲಿನ ಗೋಡೆಗೆ ಅಂಟಿಸಿದರು. ಸಂಜೆಯ ಹೊತ್ತಿಗೆ ಅದರ ಕೆಳಗೆ ನಾಲ್ಕು ಬೇರೆ ಬೇರೆ ಕೈಬರಹ. ಒಬ್ಬರು ಮೊತ್ತ ಊಹಿಸಿದ್ದರು, ಇನ್ನೊಬ್ಬರು ಅದನ್ನು ತಿದ್ದಿದ್ದರು, ಮೂರನೆಯವರು ನೀರು ಮಂಗಳವಾರ ಎಂದು ಬರೆದಿದ್ದರು. ನಾಲ್ಕನೆಯವರು ಪೆನ್ನಿನಲ್ಲಿ ಕಷ್ಟಪಟ್ಟು ಒಂದು ಗುಲಾಬಿ ಬಿಡಿಸಿದ್ದರು.