ಶ್ರೀಲಂಕಾ ನೋಡೋಕೆ ಗೈಡ್ ಇರೋ ಪ್ಯಾಕೇಜ್ ಟೂರೇ ಸರಿನಾ? ಒಂದು ಪರ, ಒಂದು ವಿರೋಧ

ಪರ (ದಾವಣಗೆರೆಯಿಂದ)

ಹೌದ್ರಿ, ಗೈಡ್ ಇರೋ ಟೂರೇ ಸರಿ. ಏಸಿ ಬಸ್ಸು, ಹೋಟ್ಲು ಬುಕಿಂಗು, ಲಗೇಜ್ ಎತ್ತಿ ಇಳಿಸೋರು ಇವೆಲ್ಲ ಇದ್ರೆ ಒಳ್ಳೇದೇ, ಆದ್ರೆ ನಾನು ಹೇಳ್ತಿರೋದು ಸೌಕರ್ಯದ ಮಾತಲ್ಲ, ಶ್ರೀಲಂಕಾದಲ್ಲಿ ನೋಡೋ ಜಾಗಗಳಲ್ಲಿ ಅರ್ಧಕ್ಕರ್ಧ ಯಾರಾದ್ರೂ ಹೇಳಿಕೊಡ್ಲಿಲ್ಲ ಅಂದ್ರೆ ಕಣ್ಣಿಗೆ ಬೀಳೋದೇ ಇಲ್ಲ.

ಪಕ್ಕದ ದುರ್ಗನೇ ತಗೊಳ್ರಿ. ಕೋಟೆ ಹತ್ತಿ ಓಬವ್ವನ ಕಿಂಡಿ ಮುಂದೆ ನಿಂತಾಗ ಯಾರೂ ಏನೂ ಹೇಳ್ಲಿಲ್ಲ ಅಂದ್ರೆ ಅದು ಎರಡು ಬಂಡೆ ನಡುವಿನ ಸಂದಿ ಅಷ್ಟೇ, ಒಂದು ಫೋಟೋ ತೆಗೆದು ಮುಂದೆ ಹೋಗ್ತೀವಿ. ಅಲ್ಲಿನ ಗೈಡ್ ಬಂದು, ಹೈದರಾಲಿ ಸೈನಿಕರು ಒಬ್ಬೊಬ್ರೇ ಹೆಂಗೆ ತೂರಿ ಬರ್ತಿದ್ರು, ಗಂಡ ಊಟಕ್ಕೆ ಕೂತಾಗ ನೀರಿಗೆ ಅಂತ ಬಂದ ಓಬವ್ವ ಒನಕೆ ಹಿಡ್ಕೊಂಡು ಎಲ್ಲಿ ನಿಂತಿದ್ಲು ಅಂತ ಕೈ ತೋರಿಸಿ ಹೇಳಿದ ಮೇಲೆ ಅಲ್ಲಿಂದ ಕಾಲು ಕೀಳೋಕೆ ಮನಸ್ಸೇ ಬರಲ್ಲ.

ಸಿಗಿರಿಯಾನೂ ಹಂಗೇ ಐತೆ. ಬಯಲಿನ ನಡುವೆ ಸುಮಾರು 180 ಮೀಟರ್ ನೆಟ್ಟಗೆ ಎದ್ದಿರೋ ಬಂಡೆ, ಸಾವಿರಕ್ಕೂ ಹೆಚ್ಚು ಮೆಟ್ಲು, ಮೇಲೆ ಹೋದ್ರೆ ಇಟ್ಟಿಗೆ ಗೋಡೆಯ ಬುಡಗಳು. ಇಷ್ಟೇ ನೋಡೋದಾದ್ರೆ ಮಂಡಿ ನೋವು ಒಂದೇ ಲಾಭ. ನಮ್ಮ ಗುಂಪಿನ ಗೈಡ್ ಹತ್ತೋಕೆ ಮುಂಚೆನೇ ಕೆಳಗಿನ ನೀರಿನ ತೋಟದ ಹತ್ರ ಎಲ್ರನ್ನೂ ನೆರಳಿಗೆ ನಿಲ್ಲಿಸಿ ಕಥೆ ಶುರು ಮಾಡಿದ್ರು. ಕ್ರಿ.ಶ. 477ರಿಂದ 495ರವರೆಗೆ ಆಳಿದ ಕಶ್ಯಪ ಅಪ್ಪ ಧಾತುಸೇನನ್ನ ಕೊಂದು ಪಟ್ಟ ಏರಿದವನು, ಮಲತಮ್ಮ ಮೊಗ್ಗಲ್ಲಾನ ಇಂಡಿಯಾಗೆ ಓಡಿಹೋಗಿದ್ದ, ಅವನು ಸೈನ್ಯ ಕಟ್ಕೊಂಡು ವಾಪಸ್ ಬಂದೇ ಬರ್ತಾನೆ ಅನ್ನೋ ಭಯಕ್ಕೆ ಕಶ್ಯಪ ಬಂಡೆ ತುದೀಲಿ ಅರಮನೆ ಕಟ್ಟಿದ. ಸಾಯಿಸೋ ಮುಂಚೆ ಅಪ್ಪನನ್ನ ನಿನ್ನ ಐಶ್ವರ್ಯ ಎಲ್ಲಿ ಬಚ್ಚಿಟ್ಟಿದ್ದೀಯ ತೋರ್ಸು ಅಂತ ಪೀಡಿಸಿದಾಗ, ಧಾತುಸೇನ ತಾನೇ ಕಟ್ಟಿಸಿದ ಕಲಾ ವೇವ ಕೆರೆಗೆ ಇಳಿದು ಬೊಗಸೇಲಿ ನೀರೆತ್ತಿ, ನನ್ನ ಆಸ್ತಿ ಇಷ್ಟೇ ಅಂದನಂತೆ. ಭದ್ರಾ ನಾಲೆಗೆ ನೀರು ಯಾವಾಗ ಬಿಡ್ತಾರೆ ಅಂತ ಕಾಯ್ಕೊಂಡು ಭತ್ತ ನಾಟಿ ಮಾಡೋ ನಮ್ಮ ಜಿಲ್ಲೆಯೋರಿಗೆ, ಸೂಳೆಕೆರೆ ಕಟ್ಟಿಸಿದ ಶಾಂತವ್ವನ ಕಥೆ ಕೇಳ್ಕೊಂಡು ಬೆಳೆದೋರಿಗೆ ಈ ಮಾತು ಹೆಂಗೆ ತಾಗುತ್ತೆ ಹೇಳ್ರಿ. ನಮ್ಮ ಗುಂಪಲ್ಲಿದ್ದ ಒಬ್ಬ ಅಜ್ಜಾರು ಹಂಗೇ ನಿಂತುಬಿಟ್ರು.

ಆಮೇಲೆ ಗೈಡ್ ಕಲಾ ವೇವದಿಂದ ಹಳೇ ರಾಜಧಾನಿ ಅನುರಾಧಪುರದವರೆಗೆ 87 ಕಿ.ಮೀ. ನಾಲೆ ತೆಗೆದಿದ್ದು, ಕೆಲವು ಕಡೆ ಕಿಲೋಮೀಟರಿಗೆ ಬರೀ 10 ಸೆಂಟಿಮೀಟರ್ ಇಳಿಜಾರು ಇಟ್ಟಿದ್ದು, ನೀರಿನ ರಭಸ ತಡೆದು ಹದವಾಗಿ ಬಿಡೋಕೆ ಏರಿಯೊಳಗೆ ಬಿಸೋಕೊಟುವ ಅನ್ನೋ ಕಲ್ಲಿನ ಬಾವಿ ಥರದ್ದು ಕಟ್ತಿದ್ದಿದ್ದು ಎಲ್ಲ ಬಿಡಿಸಿ ಹೇಳಿದ್ರು. ನಮ್ಮ ಕೆರೆ ತೂಬಿನ ಕೆಲ್ಸನೇ ಅದು. ಸಿಗಿರಿಯಾ ತೋಟದ ಕಾರಂಜಿಗಳು ಮಳೆಗಾಲದಲ್ಲಿ ಈಗ್ಲೂ ಚಿಮ್ಮುತ್ತವೆ, ಮೋಟರಿಲ್ಲ ಏನಿಲ್ಲ, ಮೇಲಿಂದ ಇಳಿಯೋ ನೀರಿನ ಒತ್ತಡ ಅಷ್ಟೇ. ಇದನ್ನೆಲ್ಲ ಮೊಬೈಲ್ ನೋಡ್ಕೊಂಡು ಓದ್ಬಹುದಲ್ಲ ಅಂತೀರಾ, ಓದ್ಬಹುದು, ಆದ್ರೆ ಬಿಸಿಲಲ್ಲಿ ನಿಂತು ಯಾರು ಓದ್ತಾರೆ, ಅದೂ ಅರವತ್ತು ದಾಟಿದೋರು.

ಪ್ರಾಣಿಗಳ ವಿಷ್ಯಕ್ಕೆ ಬಂದ್ರೆ ಗೈಡ್ ಇಲ್ದೆ ಆಗೋದೇ ಇಲ್ಲ. ಶ್ರೀಲಂಕಾ ಗಂಡಾನೆಗಳಲ್ಲಿ ನೂರಕ್ಕೆ ಹತ್ತಕ್ಕಿಂತ ಕಮ್ಮಿಗೆ ದಂತ ಇರೋದು, ಸಕ್ರೆಬೈಲಲ್ಲಿ ದಂತದ ಆನೆ ನೋಡಿ ರೂಢಿಯಾದ ನಾವು ಅಲ್ಲಿ ಜೀಪಿಂದ ನೋಡಿ ಎಲ್ಲಾ ಹೆಣ್ಣಾನೆ ಅಂದ್ಕೊಂಡುಬಿಡ್ತೀವಿ, ತಲೆ ಆಕಾರ ನೋಡ್ರಿ, ಮೈಕಟ್ಟು ನೋಡ್ರಿ ಅಂತ ತೋರಿಸೋಕೆ ಗೊತ್ತಿರೋರು ಬೇಕು. ಅವರ ರಾಷ್ಟ್ರಪಕ್ಷಿ ಕಾಡುಕೋಳಿ ಎದುರಿಗೇ ಕೆದಕ್ತಾ ಇದ್ರೂ ನಾವು ಯಾರದೋ ಮನೆ ಹುಂಜ ಅಂತ ತಿರುಗಿ ನೋಡಲ್ಲ. ಜೀಪಲ್ಲಿ ಹುಡುಗರು ಕೂಗಾಡಿದ್ರೆ ಗೈಡ್ ತಕ್ಷಣ ಸುಮ್ನಿರಿಸ್ತಾರೆ, ತಿಂಡಿ ಎಸೀಬೇಡ್ರಿ ಅಂತಾರೆ. ಆ ಮಾತು ಮನೆಯೋರು ಹೇಳಿದ್ರೆ ಯಾರೂ ಕೇಳಲ್ಲ.

ಇನ್ನು ಊಟ. ನಮ್ಮ ಕಡೆ ಲಿಂಗಾಯತ ಮನೆಗಳೋರು, ಈರುಳ್ಳಿ ಬೆಳ್ಳುಳ್ಳಿ ಇದ್ರೂ ಪರವಾಗಿಲ್ಲ, ಆದ್ರೆ ಮಾಂಸ ಮೀನು ಮುಟ್ಟಲ್ಲ. ಅಲ್ಲಿ ಅನ್ನದ ಜೊತೆ ಕೊಡೋ ಪೋಲ್ ಸಂಬೋಲ ನೋಡಿದ್ರೆ ನಮ್ಮ ಕೊಬ್ಬರಿ ಚಟ್ನಿ ಥರನೇ ಕಾಣುತ್ತೆ, ಬಹಳ ಕಡೆ ಅದ್ರಲ್ಲಿ ಒಣಗಿಸಿದ ಮಾಲ್ಡೀವ್ ಮೀನಿನ ಪುಡಿ ಹಾಕಿರ್ತಾರೆ. ಮೀನು ಹಾಕದೇ ಮಾಡ್ರಿ ಅಂತ ಸಿಂಹಳದಲ್ಲಿ ಅಡುಗೆಯೋರಿಗೆ ಮೊದ್ಲೇ ಹೇಳೋನು ಒಬ್ಬ ಇದ್ರೆ ನಮ್ಮ ಅವ್ವಂದಿರು ನೆಮ್ಮದಿಯಾಗಿ ಎರಡು ತುತ್ತು ತಿಂತಾರೆ. ವಿಮಾನನೇ ಹತ್ತದ ಹೆಣ್ಣುಮಕ್ಕಳು ನಾಲ್ಕೈದು ಜನ ಸೇರಿ, ಗಂಡಂದಿರನ್ನ ಬಿಟ್ಟು, ಸಮುದ್ರ ದಾಟಿ ಹೋಗಿಬಂದಿದ್ದಾರೆ ಅಂದ್ರೆ ಅದು ಇಂಥ ಟೂರ್ ಇರೋದಕ್ಕೇ. ತಾವಾಗೇ ಪ್ಲ್ಯಾನ್ ಮಾಡ್ಕೊಂಡು ಹೋಗ್ಲಿ ಅಂತ ಹೇಳೋದು ಸುಲಭ, ಹಂಗೆ ಹೇಳಿದ್ರೆ ಅವ್ರು ಹೋಗೋದೇ ಇಲ್ಲ, ಮನೇಲೇ ಉಳೀತಾರೆ. ನನಗೆ ಇದಕ್ಕಿಂತ ದೊಡ್ಡ ಕಾರಣ ಬೇಡ.

ವಿರೋಧ (ಚಿತ್ರದುರ್ಗದಿಂದ)

ದಾವಣಗೆರೆ ಅಕ್ಕಾರು ನಮ್ಮ ದುರ್ಗದ ಮಾತು ಎತ್ತಿದ್ರಲ್ಲ, ನಾನೂ ಅಲ್ಲಿಂದಲೇ ಹೇಳ್ತೀನಿ. ಕೋಟೆಗೆ ಬಸ್ಸಲ್ಲಿ ಬರೋ ಗುಂಪುಗಳನ್ನ ನಾವು ದಿನಾ ನೋಡ್ತೀವಿ. ಬಿಸಿಲು ಏರಿದ ಮೇಲೆ ಇಳೀತಾರೆ, ಏಕನಾಥೇಶ್ವರಿ ಗುಡಿ, ಉಯ್ಯಾಲೆ ಕಂಬದ ಹತ್ರ ಫೋಟೋ, ಓಬವ್ವನ ಕಿಂಡಿ, ಬೇಗ ಬರ್ರಿ ಬೇಗ ಬರ್ರಿ ಅಂತ ಕೂಗು, ಬಸ್ಸು ಹೊರಟೋಯ್ತು. ಆ ಕೋಟೆಯ ಜೀವ ಇರೋದು ನೀರಲ್ಲಿ ಕಣ್ರಿ. ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿ ಅಕ್ಕ ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡಕ್ಕೆ, ಅದು ತುಂಬಿ ಊರೊಳಗಿನ ಸಂತೆ ಹೊಂಡಕ್ಕೆ ನೀರು ಇಳಿಯೋ ಹಂಗೆ ಮಾಡಿದ್ದಾರೆ. ಇದನ್ನ ನೋಡ್ಬೇಕಂದ್ರೆ ಮಳೆ ಬಂದ ಮಾರನೇ ದಿನ ಬಂದು ಕೋಟೆಲಿ ಅರ್ಧ ದಿನ ಅಲೀಬೇಕು. ಟೂರ್ ಬಸ್ಸಿಗೆ ಅಷ್ಟು ಪುರುಸೊತ್ತು ಎಲ್ಲೈತೆ? ಗೈಡ್ ಗೊತ್ತಿಲ್ದೋನಲ್ಲ, ಅವನಿಗೆ ಹೇಳೋಕೆ ಟೈಮ್ ಕೊಡಲ್ಲ.

ಶ್ರೀಲಂಕಾ ಪ್ಯಾಕೇಜಿನ ತೊಂದರೆನೂ ಇದೇ, ಅಲ್ಲಿ ಇನ್ನೂ ದೊಡ್ಡದಾಗಿ ಐತೆ. ಕರ್ನಾಟಕದ ಮೂರನೇ ಒಂದು ಭಾಗದಷ್ಟು ದೇಶ, ಐದಾರು ದಿನದಲ್ಲಿ ಕೊಲಂಬೊ, ಕ್ಯಾಂಡಿ, ಸಿಗಿರಿಯಾ, ನುವರ ಎಲಿಯಾ, ಬೀಚು ಎಲ್ಲ ಮುಗಿಸ್ತೀವಿ ಅಂತ ಬ್ರೋಷರಲ್ಲಿ ಹಾಕ್ತಾರೆ, ಬೆಟ್ಟದ ರಸ್ತೇಲಿ ಬಸ್ಸು ತಾಸುಗಟ್ಟಲೆ ತೆವಳುತ್ತೆ, ಜನ ಕಿಟಕಿಗೆ ತಲೆ ಇಟ್ಟು ನಿದ್ದೆ ಹೊಡೀತಾರೆ.

ಮೊದಲ್ನೇದಾಗಿ ಕಾಲದ ಮಾತು. ನಮ್ಮ ಕಡೆಯಿಂದ ಟೂರ್ ಹೊರಡೋದು ಮಕ್ಕಳ ರಜೆ ನೋಡ್ಕೊಂಡು, ಏಪ್ರಿಲ್-ಮೇ ಇಲ್ಲಾಂದ್ರೆ ದಸರಾ ದೀಪಾವಳಿ ಆಜುಬಾಜು. ಆದ್ರೆ ಆ ದ್ವೀಪಕ್ಕೆ ಎರಡು ಮಾನ್ಸೂನು, ಒಂದು ಕಡೆ ಮಳೆ ಇದ್ದಾಗ ಇನ್ನೊಂದು ಕಡೆ ಒಣಗಿರುತ್ತೆ, ಅಲ್ಲಿನ ಪ್ರಾಣಿ, ಹಬ್ಬ ಎಲ್ಲ ಅದಕ್ಕೆ ಹೊಂದಿಕೊಂಡು ನಡೀತವೆ. ಮಿನ್ನೇರಿಯಾದಲ್ಲಿ ಮಹಾಸೇನ ರಾಜ ಮೂರನೇ ಶತಮಾನದ ಕೊನೆ ಹೊತ್ತಿಗೆ ಕಟ್ಟಿಸಿದ ಕೆರೆ ಐತೆ. ಅಲ್ಲಿ ಒಣಗಾಲ ಬಲಿತು ನೀರು ಹಿಂದಕ್ಕೆ ಸರಿದಾಗ ಅಂಗಳದಲ್ಲಿ ಎಳೇ ಹುಲ್ಲು ಚಿಗುರುತ್ತೆ, ಅದನ್ನ ಮೇಯೋಕೆ ಸುತ್ತಲ ಕಾಡಿಂದ ಕಾಡಾನೆಗಳು ಗುಂಪು ಗುಂಪಾಗಿ ಬಂದು ಸೇರ್ತವೆ, ನೂರಾರು. ಅದು ಜುಲೈಯಿಂದ ಸೆಪ್ಟೆಂಬರ್ ಹೊತ್ತಿಗೆ. ಕ್ಯಾಂಡಿಯ ಎಸಳ ಪೆರಹೆರ, ಡೋಲು ಹೊಡೀತಾ, ಕುಣೀತಾ, ಸಿಂಗಾರದ ಆನೆ ಮೇಲೆ ಬುದ್ಧನ ಹಲ್ಲಿನ ಪವಿತ್ರ ಪೆಟ್ಟಿಗೆ ಇಟ್ಟು ರಾತ್ರಿ ಮೆರವಣಿಗೆ, ಅದೂ ಜುಲೈ-ಆಗಸ್ಟಲ್ಲೇ. ಎರಡೂ ತಪ್ಪಿಸಿ, ಬದಲಿಗೆ ಒಂದು ಹಾಲಲ್ಲಿ ಕೂರಿಸಿ ಒಂದು ತಾಸಿನ ಕ್ಯಾಂಡಿ ಡ್ಯಾನ್ಸ್ ಶೋ ತೋರಿಸಿ ಕೊನೇಲಿ ಕೆಂಡ ತುಳಿಸಿ ಸಂಸ್ಕೃತಿ ಮುಗೀತು ಅಂತಾರೆ. ಆ ಕಲಾವಿದರು ಚೆನ್ನಾಗೇ ಕುಣೀತಾರೆ, ಅವ್ರ ಮೇಲೆ ನನಗೆ ಗೌರವ ಐತೆ. ಆದ್ರೆ ಬುದ್ಧನ ಹಲ್ಲು ಇಟ್ಟು ಪೂಜಿಸೋ ಕ್ಯಾಂಡಿಯ ಗುಡಿ ದಳದಾ ಮಾಳಿಗಾವದಲ್ಲಿ ಬೆಳಗಿನ ಜಾವದ ಪೂಜೆಗೆ ಡೋಲು ಹೊಡಿಯೋವಾಗ ಊರಿನ ಜನ ಬಿಳೀ ಬಟ್ಟೆ ಹಾಕ್ಕೊಂಡು ನೈದಿಲೆ ಹೂ ಹಿಡ್ಕೊಂಡು ನಿಂತಿರ್ತಾರಲ್ಲ, ಅದಕ್ಕೆ ಟಿಕೆಟ್ ತಗೊಂಡು ಒಳಗೆ ಹೋಗಿ ಮೂಲೇಲಿ ಸುಮ್ನೆ ನಿಂತ್ರೆ ಸಾಕು. ಪ್ಯಾಕೇಜಿನೋರು ಆ ಹೊತ್ತಿಗೆ ಹೋಟ್ಲಲ್ಲಿ ಬ್ರೇಕ್‌ಫಾಸ್ಟ್ ಬಫೆಗೆ ಕಾಯ್ತಿರ್ತಾರೆ.

ಎರಡನೇದು ಆನೆ, ಇದು ನನ್ನ ಮನಸ್ಸಿಗೆ ತುಂಬಾ ಹತ್ರದ್ದು. ಎಲ್ಲಾ ಪ್ಯಾಕೇಜಲ್ಲೂ ಪಿನ್ನವಲ ಇದ್ದೇ ಇರುತ್ತೆ, ಯಾಕಂದ್ರೆ ಅದು ಕೊಲಂಬೊ-ಕ್ಯಾಂಡಿ ದಾರೀಲಿ ಸಿಗುತ್ತೆ. 1975ರಲ್ಲಿ ತಾಯಿ ಇಲ್ಲದ ಮರಿಗಳನ್ನ ಸಾಕೋಕೆ ಶುರುವಾದ ಜಾಗ, ಉದ್ದೇಶ ಒಳ್ಳೇದೇ ಇತ್ತು. ಈಗ ಹಿಂಡನ್ನ ರಸ್ತೆ ದಾಟಿಸಿ ಮಹಾ ಓಯ ಹೊಳೆಗೆ ಸ್ನಾನಕ್ಕೆ ಕರ್ಕೊಂಡು ಹೋಗ್ತಾರೆ, ದಡದ ಮೇಲೆ ಹೋಟೆಲಲ್ಲಿ ಕೂತ ಜನ ಮೇಲಿಂದ ಫೋಟೋ ಹೊಡೀತಾರೆ, ಕೆಲವು ಆನೆ ಕಾಲಲ್ಲಿ ಸರಪಣಿ. ದಕ್ಷಿಣಕ್ಕೆ ಉಡವಲವೆಯಲ್ಲಿ 1995ರಿಂದ ಇನ್ನೊಂದು ಕೇಂದ್ರ ನಡೀತಿದೆ, ಅಲ್ಲೂ ಅನಾಥ ಮರಿಗಳೇ, ಆದ್ರೆ ಹಾಲು ಕುಡಿಸೋ ಹೊತ್ತಲ್ಲಿ ಜನ ದೂರದಿಂದ ನೋಡ್ಬೇಕು ಅಷ್ಟೇ, ಮುಟ್ಟೋ ಹಂಗಿಲ್ಲ, ದೊಡ್ಡವಾದ ಮೇಲೆ ವಾಪಸ್ ಕಾಡಿಗೆ ಬಿಡ್ತಾರೆ. ಮಕ್ಕಳಿಗೆ ತೋರಿಸ್ಬೇಕಾದ್ದು ಯಾವುದು? ಯಾವ ಟೂರಲ್ಲಿ ಅದು ಸಿಗುತ್ತೆ ಅಂತ ಕೇಳಿ ನೋಡ್ರಿ, ರೂಟಿಗೆ ಆಗಲ್ಲ ಸಾರ್ ಅಂತಾರೆ.

2023ರಲ್ಲಿ ಆ ದೇಶದಲ್ಲಿ 400ಕ್ಕೂ ಹೆಚ್ಚು ಆನೆ ಸತ್ತವೆ, ಗುಂಡೇಟು, ಕರೆಂಟು, ರೈಲು, ತಿನ್ನೋ ವಸ್ತುವಿನಲ್ಲಿ ಇಟ್ಟ ಸಿಡಿಮದ್ದು, ಹಿಂಗೆ. ನೂರಕ್ಕೂ ಹೆಚ್ಚು ಮನುಷ್ಯರೂ ಸತ್ರು. ಚನ್ನಗಿರಿ ಕಡೆ ಕಾಡಾನೆ ಬಂದಾಗ ರೈತರು ರಾತ್ರಿ ತೋಟಕ್ಕೆ ಹೋಗೋಕೆ ಹೆದರಿದ್ದು ದಾವಣಗೆರೆ ಜಿಲ್ಲೆಯೋರಿಗೆ ಗೊತ್ತಿರೋದೇ, ಅಂದ್ರೆ ಈ ವಿಷ್ಯ ಮಾತಾಡೋಕೆ ನಮಗಿಂತ ಹತ್ರದ ಪ್ರವಾಸಿಗಳು ಇನ್ಯಾರು ಸಿಗ್ತಾರೆ. ಆದ್ರೂ ಗೈಡ್ ಬಾಯಲ್ಲಿ ಇದು ಬರೋದು ಕಮ್ಮಿ, ಖುಷಿಯಾಗಿ ಬಂದೋರ ಮೂಡ್ ಯಾಕೆ ಕೆಡಿಸ್ಬೇಕು ಅನ್ನೋ ಲೆಕ್ಕ. ಯಾಲ ರಾಷ್ಟ್ರೀಯ ಉದ್ಯಾನದಲ್ಲಂತೂ ಒಂದು ಚಿರತೆ ಕಂಡಿದೆ ಅಂತ ಫೋನ್ ಬಂದ್ರೆ ಸಾಕು, ಜೀಪುಗಳೆಲ್ಲ ಅಲ್ಲಿಗೇ ನುಗ್ತವೆ, ಧೂಳು, ಹಾರ್ನು, ಪಾಪ ಆ ಪ್ರಾಣಿ ಪೊದೆ ಬಿಟ್ಟು ಏಳಲ್ಲ.

ಚಹಾ ತೋಟದ್ದೂ ಇದೇ ಕಥೆ. 1867ರಲ್ಲಿ ಜೇಮ್ಸ್ ಟೇಲರ್ ಲೂಲ್‌ಕಂದುರದಲ್ಲಿ ಚಹಾ ಹಾಕಿದ, ಎಲೆ ತುಕ್ಕು ರೋಗ ಬಂದು ಕಾಫಿ ಹಾಳಾಯ್ತು, ಚಹಾ ಹಬ್ಬಿತು, ಇಷ್ಟು ಹೇಳಿ ಫ್ಯಾಕ್ಟರೀಲಿ ಒಂದು ಕಪ್ ಕುಡಿಸಿ ಅಂಗಡಿಗೆ ಬಿಡ್ತಾರೆ. ಆ ಎಲೆ ಕಿತ್ತೋರು ತಮಿಳುನಾಡಿಂದ ಬ್ರಿಟಿಷರು ಕರ್ಕೊಂಡು ಹೋದ ಬಡವರು, 1948ರ ಕಾಯ್ದೆ ಬಂದು ಅವ್ರಿಗೆ ಯಾವ ದೇಶದ ಪೌರತ್ವನೂ ಇಲ್ದಂಗೆ ಆಯ್ತು, 1964ರಲ್ಲಿ ನಮ್ಮ ಪ್ರಧಾನಿ ಶಾಸ್ತ್ರಿ ಮತ್ತೆ ಅಲ್ಲಿನ ಪ್ರಧಾನಿ ಸಿರಿಮಾವೋ ನಡುವೆ ಒಪ್ಪಂದ ಆಗಿ ಲಕ್ಷಗಟ್ಟಲೆ ಜನರನ್ನ ಇಂಡಿಯಾಗೆ ವಾಪಸ್ ಕಳಿಸೋದು ಅಂತ ತೀರ್ಮಾನ ಆಯ್ತು. ಅವ್ರಲ್ಲಿ ಕೆಲವ್ರು ನಮ್ಮ ಸುಳ್ಯ, ಪುತ್ತೂರಿನ ಸರ್ಕಾರಿ ರಬ್ಬರ್ ತೋಟಕ್ಕೆ ಬಂದು ನೆಲೆ ನಿಂತ್ರು, ಕರ್ನಾಟಕದೋರಿಗೆ ಇದಕ್ಕಿಂತ ನಂಟಿರೋ ಕಥೆ ಆ ದ್ವೀಪದಲ್ಲಿ ಇನ್ನೊಂದಿಲ್ಲ. ತೋಟದ ಕೂಲಿಕಾರರ ಲೈನ್ ಮನೆಗಳು ರಸ್ತೆಯಿಂದಲೇ ಕಾಣ್ತವೆ, ಬಸ್ಸು ನಿಲ್ಲಲ್ಲ. ಮಾತಳೆಯ ಮಸಾಲೆ ತೋಟದಲ್ಲಿ ಮಾತ್ರ ತಾಸುಗಟ್ಟಲೆ ನಿಲ್ಲುತ್ತೆ, ಎಣ್ಣೆ ಹಚ್ಚಿ ಮಾಲೀಶು ಮಾಡಿ ಬಾಟ್ಲಿ ಮಾರ್ತಾರೆ, ಆಮೇಲೆ ರತ್ನದ ಅಂಗಡಿ, ಆಮೇಲೆ ಬಾಟಿಕ್ ಅಂಗಡಿ. ಕಮಿಷನ್ ಎಲ್ಲಿ ಐತೋ ಬಸ್ಸು ಅಲ್ಲಿ ನಿಲ್ಲುತ್ತೆ, ಇದನ್ನ ಬಾಯಿಬಿಟ್ಟು ಹೇಳಲೇಬೇಕು.

ಅಕ್ಕಾರು ಹೇಳಿದ ಒಂದು ಮಾತನ್ನ ನಾನು ತಳ್ಳಿಹಾಕಲ್ಲ, ಟೂರ್ ಇಲ್ಲಾಂದ್ರೆ ಅವ್ವಂದಿರು ಮನೇಲೇ ಉಳೀತಾರೆ ಅಂದ್ರಲ್ಲ, ಅದು ನಿಜ. ಆದ್ರೆ ಅದಕ್ಕೆ ನಲವತ್ತು ಜನರ ಬಸ್ಸೇ ಬೇಕು ಅಂತಿಲ್ಲ. ಎರಡು ಮನೆಯೋರು ಸೇರಿ ಡ್ರೈವರ್ ಸಮೇತ ಒಂದು ವ್ಯಾನ್ ಮಾಡ್ಕೊಳ್ರಿ, ಅಲ್ಲಿ ಹಂಗೆ ಓಡಿಸ್ಕೊಂಡು ಊರು ತೋರಿಸೋ ಲೈಸೆನ್ಸ್ ಇರೋ ಡ್ರೈವರ್-ಗೈಡ್ ಬೇಕಾದಷ್ಟು ಜನ ಇದ್ದಾರೆ, ಮೀನು ಹಾಕ್ಬೇಡ ಅಂತ ಅಡುಗೆಯೋರಿಗೆ ಅವ್ರೇ ಹೇಳ್ತಾರೆ. ಸಿಗಿರಿಯಾ, ಪೊಲೊನ್ನರುವದಂಥ ಕಡೆ ಆಯಾ ಜಾಗದ ಗೈಡನ್ನ ಅಲ್ಲೇ ಮಾಡ್ಕೊಳ್ರಿ, ಅವ್ರ ಕೂಲಿ ನೇರ ಅವ್ರ ಕೈಗೆ ಸೇರ್ಲಿ. 2022ರಲ್ಲಿ ಪೆಟ್ರೋಲಿಗೆ, ಔಷಧಿಗೆ ಪರದಾಡಿದ ದೇಶ ಅದು, ನಮ್ಮ ದುಡ್ಡು ಬೆಂಗಳೂರಿನ ಆಫೀಸಲ್ಲಿ ಅಡ್ವಾನ್ಸ್ ಕಟ್ಟಿ ಮುಗಿಯೋದಕ್ಕಿಂತ ಅಲ್ಲಿನ ಸಣ್ಣ ಗೆಸ್ಟ್ ಹೌಸಿಗೆ, ದಾರಿ ಬದಿ ಎಳನೀರಿನೋನಿಗೆ ಹೋಗ್ಲಿ. ಜಾಗ ಕಮ್ಮಿ ಇಟ್ಕೊಳ್ರಿ, ಸಿಗಿರಿಯಾ ಹತ್ರನೇ ಎರಡ್ಮೂರು ದಿನ ತಂಗಿದ್ರೆ ದಂಬುಲ್ಲ, ಮಿನ್ನೇರಿಯಾ, ಪೊಲೊನ್ನರುವ ಎಲ್ಲ ಆರಾಮಾಗಿ ಆಗುತ್ತೆ. ಮಕ್ಕಳಿಗೆ ಆಗಸ್ಟಲ್ಲಿ ಒಂದು ವಾರ ಸ್ಕೂಲ್ ತಪ್ಪಿದ್ರೆ ತಪ್ಪಲಿ ಬಿಡ್ರಿ, ಆನೆ ಕೆರೆಗೆ ಬರೋದು ಆವಾಗ್ಲೇ.